ಹ್ಯಾರಿ ಪಾಟರ್ ನೋಡಿ ಬೆಳೆದವರಿಗೆ ಮೂಕಿ ಚಿತ್ರ ತೋರಿಸುವುದು ಹೇಗೆ: ಮಾಳಿಗೆ ಪ್ರದರ್ಶನದ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ, ಜಮಖಂಡಿ, ವಿಜಯಪುರ, ಗೋಕಾಕ ಕಡೆಯ ಸಿನಿಮಾಪ್ರೇಮಿ ಗೆಳೆಯರು ಹೇಳುವ ಕಥೆ ಒಂದೇ ತರ ಇರುತ್ತದೆ. ಪ್ರೊಜೆಕ್ಟರ್ ತಂದೆವು. ಮಾಳಿಗೆ ಮೇಲೆ ಬಿಳಿ ಬಟ್ಟೆ ಕಟ್ಟಿದೆವು. ಓಣಿಯವರನ್ನೆಲ್ಲ ಕರೆದು ಹೆಸರಾಂತ ಮೂಕಿ ಚಿತ್ರವನ್ನೇ ಹಾಕಿದೆವು. ಇಪ್ಪತ್ತು ನಿಮಿಷಕ್ಕೆ ಹುಡುಗರು ಮೊಬೈಲ್ ತೆಗೆದರು. ನಲವತ್ತು ನಿಮಿಷಕ್ಕೆ ದೊಡ್ಡವರು "ಮುಂಜಾನೆ ಲಗೂ ಏಳಬೇಕ್ರಿ" ಎಂದು ಎದ್ದರು.

ನವನಗರದ ನಮ್ಮ ಮಾಳಿಗೆಯಲ್ಲೂ ಮೊದಲ ಸಲ ಹೀಗೇ ಆಯಿತು. ನಾನು ಹಾಕಿದ್ದು 148 ನಿಮಿಷದ 'ಮೆಟ್ರೋಪೊಲಿಸ್'. ನಡುವೆ ಪಕ್ಕದ ಮನೆ ಕಾಕಾ ಎದ್ದು ಬಂದು ಮೆಲ್ಲಗೆ ಹೇಳಿದರು: "ತಮ್ಮಾ, ಸೌಂಡ್ ಹೋಗೇತಿ ನೋಡು." ಮೂಕಿ ಚಿತ್ರ ಅಂದರೆ ಏನು ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಆಮೇಲೆ ತುಂಬಾ ಪ್ರದರ್ಶನ ಮಾಡಿದ್ದೇನೆ. ಸೋಲುವುದಕ್ಕೆ ಕಾರಣ ಹೆಚ್ಚುಕಡಿಮೆ ನಾಲ್ಕೇ: ಉಲ್ಟಾ ಕ್ರಮ, ಹಾಳು ಪ್ರತಿ, ತಪ್ಪು ವೇಗ, ಸಂಬಂಧವಿಲ್ಲದ ಸಂಗೀತ. ನಾಲ್ಕನ್ನೂ ಪ್ರದರ್ಶನಕ್ಕೆ ಮೊದಲೇ ಸರಿ ಮಾಡಿಕೊಳ್ಳಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ಏಳನೇ ಹಂತದಿಂದ ಶುರು ಮಾಡುತ್ತಾರೆ, ಅಂದರೆ ಮೊದಲು ಪ್ರೊಜೆಕ್ಟರ್ ಕೊಳ್ಳುತ್ತಾರೆ. ಅದು ಬೇಡ.

ಬೇಕಾಗುವ ಸಾಮಾನು

ಪ್ರೊಜೆಕ್ಟರ್ (ಬಾಡಿಗೆಯದ್ದಾದರೂ ಸಾಕು), ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್, ಪುಕ್ಕಟೆ ಸಿಗುವ ವಿಎಲ್‌ಸಿ ಪ್ಲೇಯರ್ (ವಿಡಿಯೊ ಓಡಿಸುವ ಸಾಫ್ಟ್‌ವೇರ್), ವೈರ್ ಇರುವ ಸ್ಪೀಕರ್, ಬಿಳಿ ಪರದೆ, ಎಕ್ಸ್‌ಟೆನ್ಷನ್ ಬೋರ್ಡ್, ಇನ್ವರ್ಟರ್, ಒಂದು ಟಾರ್ಚ್, ಜಮಖಾನೆ. ಜೊತೆಗೆ ಒಂದು ನೋಟ್‌ಬುಕ್. ಇದನ್ನು ಮರೆಯಬೇಡಿ, ಕೊನೆಯ ಹಂತ ಪೂರ್ತಿ ಅದರ ಮೇಲೇ ನಿಂತಿದೆ.

ಹಂತ 1: ಮೊದಲು ಏಣಿ ಕಟ್ಟಿಕೊಳ್ಳಿ

ಫ್ಯಾಂಟಸಿ ಸರಣಿ ನೋಡಿ ಬೆಳೆದ ಹುಡುಗರನ್ನು ಒಂದೇ ಸಲ 1920ರ ದಶಕಕ್ಕೆ ಎತ್ತಿಕೊಂಡು ಹೋದರೆ ಅವರು ಅಲ್ಲಿ ನಿಲ್ಲುವುದಿಲ್ಲ. ಒಂದೊಂದೇ ಮೆಟ್ಟಿಲು ಬೇಕು. ಎರಡು ವಾರಕ್ಕೊಂದು ಮೆಟ್ಟಿಲು ಸಾಕು.

ಮೊದಲ ಮೆಟ್ಟಿಲು ಅವರ ಮೆಚ್ಚಿನ ಸರಣಿಯೇ. ಇದನ್ನು ಮನೆಯೊಳಗೆ, ನಿಮ್ಮ ಟಿವಿಯಲ್ಲೇ ಮಾಡಿ. 'ಲಾರ್ಡ್ ಆಫ್ ದಿ ರಿಂಗ್ಸ್' ಮೂರನೇ ಭಾಗದಲ್ಲಿ (2003) ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸಿ ಸುದ್ದಿ ಕಳಿಸುವ ದೃಶ್ಯವಿದೆ. ಸೌಂಡ್ ಪೂರ್ತಿ ಬಂದ್ ಮಾಡಿ ಅದನ್ನು ತೋರಿಸಿ. ಮುಗಿದ ಮೇಲೆ "ಏನಾಯ್ತು ಹೇಳ್ರಿ" ಎಂದು ಕೇಳಿ. ಎಲ್ಲವನ್ನೂ ಹೇಳುತ್ತಾರೆ. ಈಗ ಅದೇ ದೃಶ್ಯ ಸೌಂಡ್ ಜೊತೆ ಹಾಕಿ. ಬೆಂಕಿ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತೂ ಹೆಚ್ಚುಕಡಿಮೆ ಮಾತೇ ಇಲ್ಲ, ಸಂಗೀತವೇ ಇದೆ. ಮಾತಿಲ್ಲದೆ ಕಥೆ ಹಿಡಿಯುವುದು ತಮಗೆ ಮೊದಲೇ ಗೊತ್ತಿತ್ತು ಎಂದು ಹುಡುಗರಿಗೆ ಅಲ್ಲೇ ಹೊಳೆಯುತ್ತದೆ. ನನ್ನ ಪ್ರಕಾರ ಇಡೀ ಏಣಿಯಲ್ಲಿ ಇದೇ ಮುಖ್ಯ ಮೆಟ್ಟಿಲು. ಸುಮ್ನೆ ಹಾರಿಸಿಬಿಡಬೇಡಿ.

ಎರಡನೆಯದು 'ಪುಷ್ಪಕ ವಿಮಾನ' (1987). ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ಈ ಚಿತ್ರದಲ್ಲಿ ಸದ್ದು ಇದೆ, ಮಾತಿಲ್ಲ. ಕಮಲ್ ಹಾಸನ್, ಅಮಲಾ ಎಲ್ಲರಿಗೂ ಗೊತ್ತಿರುವ ಮುಖಗಳು. ಬೆಂಗಳೂರಿನ ಬೀದಿಗಳೂ ಕಾಣುತ್ತವೆ. ಇದನ್ನೂ ಮನೆಯಲ್ಲೇ ಹಾಕಿ. ಮನೆಯ ದೊಡ್ಡವರು ಇಲ್ಲಿಂದಲೇ ಜೊತೆಯಾಗುತ್ತಾರೆ.

ಮೂರನೆಯದು ಸಣ್ಣ ಚಿತ್ರಗಳು, ಒಂದೇ ರಾತ್ರಿ ಎರಡು. ಜಾರ್ಜ್ ಮೆಲಿಯೆಸ್ ಮಾಡಿದ 'ಎ ಟ್ರಿಪ್ ಟು ದಿ ಮೂನ್' (1902) ಕಾಲು ಗಂಟೆಯದು. ಬಸ್ಟರ್ ಕೀಟನ್‌ನ 'ಒನ್ ವೀಕ್' (1920) ಅರ್ಧ ಗಂಟೆಯೂ ಇಲ್ಲ. ಹೊಸದಾಗಿ ಮದುವೆಯಾದ ಜೋಡಿ ಡಬ್ಬಿಯಲ್ಲಿ ಬಂದ ಮನೆಯ ಭಾಗಗಳನ್ನು ಜೋಡಿಸಲು ಕೂರುತ್ತದೆ. ಹೊಟ್ಟೆಕಿಚ್ಚಿನವನೊಬ್ಬ ಡಬ್ಬಿಗಳ ನಂಬರ್ ಬದಲಿಸಿರುತ್ತಾನೆ. ಮನೆ ಸೊಟ್ಟಗಾಗುತ್ತಾ ಹೋಗುತ್ತದೆ. ಮನೆ ಕಟ್ಟಿಸಿ ಬಲ್ಲವರು ಇದನ್ನು ನೋಡಿ ನಗುವುದನ್ನು ಕೇಳಬೇಕು.

ನಾಲ್ಕನೆಯದು 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಕ್ಮೆದ್' (1926). ಲೊಟ್ಟೆ ರೈನಿಗರ್ ಎಂಬ ಕಲಾವಿದೆ ಕಪ್ಪು ಕಾಗದ ಕತ್ತರಿಸಿ ಮಾಡಿದ ನೆರಳಿನ ಚಿತ್ರ, ಸುಮಾರು 65 ನಿಮಿಷ. ಹಾರುವ ಕುದುರೆ ಇದೆ, ಮಾಯಾದೀಪ ಇದೆ. ತೊಗಲುಗೊಂಬೆ ಆಟ ನೋಡಿದ ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸುವುದೇ ಬೇಕಾಗಿಲ್ಲ. ಮಕ್ಕಳಿಗಂತೂ ಅದು ಅವರದೇ ಮಾಯಾಲೋಕ.

ಐದನೆಯದು ಪೂರ್ಣ ಪ್ರಮಾಣದ ಕಥೆ. ಚಾಪ್ಲಿನ್‌ನ 'ದಿ ಕಿಡ್' (1921) ಹಾಕಿ. ಅನಾಥ ಮಗುವನ್ನು ಸಾಕುವ ಬಡವನ ಕಥೆಗೆ ಭಾಷೆ ಬೇಕಾಗುವುದಿಲ್ಲ.

ಆರನೆಯದು ನಮ್ಮ ದೇಶದ್ದು. ಫಾಲ್ಕೆ ಅವರ 'ಕಾಲಿಯಾ ಮರ್ದನ್' (1919) ಚಿತ್ರದಲ್ಲಿ ಕೃಷ್ಣನಾಗಿರುವುದು ಅವರ ಪುಟ್ಟ ಮಗಳು ಮಂದಾಕಿನಿ. ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಕಣ್ಣು ಪೂರ್ತಿ ಆ ಹುಡುಗಿಯ ಮೇಲಿರುತ್ತದೆ. ಪಗಡೆಯಾಟದ ಸುತ್ತ ಹೆಣೆದ 'ಎ ಥ್ರೋ ಆಫ್ ಡೈಸ್' (1929) ಕೂಡ ಒಳ್ಳೆಯದು.

ಕೊನೆಗೆ ದೊಡ್ಡವು: 'ದಿ ಥೀಫ್ ಆಫ್ ಬಾಗ್ದಾದ್' (1924), ಫ್ರಿಟ್ಜ್ ಲಾಂಗ್ ಮಾಡಿದ 'ಸೀಗ್‌ಫ್ರೀಡ್' (1924) ಮತ್ತು 'ಮೆಟ್ರೋಪೊಲಿಸ್' (1927). 'ಸೀಗ್‌ಫ್ರೀಡ್' ಹಾಕುವ ಮುಂಚಿನ ದಿನ ಮನೆ ಹುಡುಗರಿಗೆ ಹ್ಯಾರಿ ಪಾಟರ್ ನಾಲ್ಕನೇ ಚಿತ್ರದ (2005) ಡ್ರ್ಯಾಗನ್ ದೃಶ್ಯ ಮತ್ತೊಮ್ಮೆ ತೋರಿಸಿ. ಮರುದಿನ 1924ರ ಡ್ರ್ಯಾಗನ್ ನೋಡುತ್ತಾರೆ. ಅದು ಒಳಗೆ ಜನ ಕೂತು ನಡೆಸಿದ ನಿಜವಾದ ದೊಡ್ಡ ಗೊಂಬೆ. ಕಂಪ್ಯೂಟರ್ ಇಲ್ಲದೆ ಇದನ್ನು ಹೇಗೆ ಮಾಡಿದರು ಅಂತ ಅವರೇ ಕೇಳುತ್ತಾರೆ.

ಸಾಮಾನ್ಯ ತಪ್ಪು: ಎರಡು ಮೆಟ್ಟಿಲು ಚೆನ್ನಾಗಿ ಆದವು ಅಂತ ನೇರವಾಗಿ ಕೊನೆಯದಕ್ಕೆ ಜಿಗಿಯುವುದು. ಇನ್ನೊಂದು, ಸಣ್ಣ ಮಕ್ಕಳಿರುವಾಗ 'ನೊಸ್ಫೆರಾಟು' (1922) ಹಾಕುವುದು. ಸದ್ದಿಲ್ಲದ ಭೂತ ಮಕ್ಕಳಿಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಹಂತ 2: ಸರಿಯಾದ ಪ್ರತಿ ಹುಡುಕಿ

ಒಂದೇ ಮೂಕಿ ಚಿತ್ರದ ಹತ್ತಾರು ಪ್ರತಿಗಳು ಇಂಟರ್ನೆಟ್‌ನಲ್ಲಿವೆ. ಮೊದಲು ಕಂಡದ್ದನ್ನು ಡೌನ್‌ಲೋಡ್ ಮಾಡಿದರೆ ಅರ್ಧ ಸೋತಂತೆ. ಅರ್ಧ ಗಂಟೆ ಕೂತು ಹೋಲಿಸಿ ನೋಡಿ.

ಮೊದಲು ನಿಮಿಷ ನೋಡಿ. 'ಮೆಟ್ರೋಪೊಲಿಸ್' 1927ರಲ್ಲಿ ಬಂದಾಗ ಸುಮಾರು ಎರಡೂವರೆ ಗಂಟೆ ಇತ್ತು. ಆಮೇಲೆ ಕತ್ತರಿಸಿದರು. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಪ್ರತಿ ಸಿಕ್ಕಿತು. ಅದನ್ನು ಸೇರಿಸಿ 2010ರಲ್ಲಿ 148 ನಿಮಿಷದ ಪ್ರತಿ ತಂದರು. ನಿಮ್ಮ ಫೈಲ್ 80–90 ನಿಮಿಷದ್ದಾಗಿದ್ದರೆ ಕಥೆಯ ದೊಡ್ಡ ತುಂಡೇ ಇಲ್ಲ ಎಂದರ್ಥ. ನೋಡುವವರು "ತಿಳಿಯಲಿಲ್ಲ" ಎಂದರೆ ಅವರ ತಪ್ಪೇನೂ ಇಲ್ಲ. ನಮ್ಮ 'ರಾಜಾ ಹರಿಶ್ಚಂದ್ರ' (1913) ಪೂರ್ತಿಯಾಗಿ ಉಳಿದೇ ಇಲ್ಲ. ಹಾಗಾಗಿ ಅದನ್ನು ಹಾಕುವಾಗ ಇದು ಉಳಿದ ತುಣುಕು ಎಂದು ಮೊದಲೇ ಹೇಳಿ.

ಎರಡನೆಯದು ಮುಖ. ಯಾವುದಾದರೂ ಹತ್ತಿರದ ದೃಶ್ಯದಲ್ಲಿ ನಿಲ್ಲಿಸಿ, ಕಣ್ಣು ಕಾಣುತ್ತದಾ ನೋಡಿ. ಪ್ರತಿಯಿಂದ ಪ್ರತಿ ತೆಗೆಯುತ್ತಾ ಹೋದಂತೆ ಮುಖ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಮೂಕಿ ಚಿತ್ರದಲ್ಲಿ ಕಣ್ಣೇ ಮಾತು. ಕಣ್ಣು ಕಾಣದ ಪ್ರತಿ ಬೇಡವೇ ಬೇಡ.

ಮೂರನೆಯದು ಬಣ್ಣ. ಆ ಕಾಲದ ಎಷ್ಟೋ ಚಿತ್ರಗಳಿಗೆ ಇಡೀ ದೃಶ್ಯಕ್ಕೆ ಒಂದೇ ಬಣ್ಣ ಹಾಕುತ್ತಿದ್ದರು: ರಾತ್ರಿಗೆ ನೀಲಿ, ದೀಪದ ಕೋಣೆಗೆ ಹಳದಿ ಅಥವಾ ಕಂದು, ಬೆಂಕಿಗೆ ಕೆಂಪು. 'ನೊಸ್ಫೆರಾಟು'ವಿನ ಎಷ್ಟೋ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದಿದ್ದಾರೆ. ನೀಲಿ ಬಣ್ಣ ಇದ್ದರೆ ಮಾತ್ರ ಅದು ರಾತ್ರಿ. ಬಣ್ಣ ಹೋದ ಪ್ರತಿಯಲ್ಲಿ ಭೂತ ಹಾಡಹಗಲೇ ಓಡಾಡುತ್ತದೆ, ಜನ ನಗುತ್ತಾರೆ.

ಎಚ್ಚರಿಕೆಯ ಗುರುತುಗಳು: ಶೀರ್ಷಿಕೆಯಲ್ಲಿ "ಎಐ ಕಲರ್" (ಕಂಪ್ಯೂಟರ್ ಹಚ್ಚಿದ ಬಣ್ಣ), "60 ಎಫ್‌ಪಿಎಸ್" (ಸೆಕೆಂಡಿಗೆ 60 ಫ್ರೇಮ್) ಎಂದಿದ್ದರೆ ಬಿಟ್ಟುಬಿಡಿ. ಮುಖ ಮೇಣದಂತೆ ಕಾಣುತ್ತದೆ. 'ದಿ ಗೋಲ್ಡ್ ರಶ್' ಹಾಕಿದಾಗ ಗಂಡಸಿನ ದನಿ ಕಥೆ ಹೇಳುತ್ತಿದ್ದರೆ ಅದು 1942ರಲ್ಲಿ ಚಾಪ್ಲಿನ್ ತಾನೇ ದನಿ ಕೊಟ್ಟು ಮತ್ತೆ ಬಿಡುಗಡೆ ಮಾಡಿದ ಪ್ರತಿ. 1925ರ ಮೂಕಿ ಚಿತ್ರ ಬೇರೆ.

ಆರಿಸಿದ ಮೇಲೆ ಮೊದಲಿನಿಂದ ಕೊನೆವರೆಗೆ ಒಮ್ಮೆ ನೀವೊಬ್ಬರೇ ನೋಡಿ. ಹಾರಿಸಿ ನೋಡುವುದು ಲೆಕ್ಕಕ್ಕಿಲ್ಲ. ಫೈಲ್ ನಡುವೆ ಕೆಟ್ಟಿರುವುದು ನನಗೆ ಎರಡು ಸಲ ಹೀಗೇ ಗೊತ್ತಾಯಿತು.

ಹಂತ 3: ವೇಗ ಸರಿ ಮಾಡಿ

"ಹಳೇ ಚಿತ್ರದಾಗ ಎಲ್ಲರೂ ಯಾಕ್ ಓಡ್ತಾರ?" ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಅವರು ಓಡುತ್ತಿರಲಿಲ್ಲ. ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದ ಕಾಲದಲ್ಲಿ ಸೆಕೆಂಡಿಗೆ 16, 18, 20 ಬಿಡಿಚಿತ್ರ (ಫ್ರೇಮ್), ಹೀಗೆ ಬೇರೆ ಬೇರೆ ವೇಗದಲ್ಲಿ ತೆಗೆಯುತ್ತಿದ್ದರು. ಮಾತಿನ ಚಿತ್ರ ಬಂದ ಮೇಲೆ 24 ಗಟ್ಟಿಯಾಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲ ಒಂದೂವರೆ ಪಟ್ಟು ಜೋರಾಗುತ್ತದೆ. ಒಂದು ಗಂಟೆಯ ಚಿತ್ರ 40 ನಿಮಿಷಕ್ಕೆ ಮುಗಿಯುತ್ತದೆ. ಅಳುವ ತಾಯಿಯೂ ಕಾರ್ಟೂನಿನಂತೆ ಕಾಣುತ್ತಾಳೆ.

ಪರೀಕ್ಷೆ ಸುಲಭ. ಯಾರೋ ಸುಮ್ಮನೆ ರಸ್ತೆಯಲ್ಲಿ ನಡೆಯುವ ದೃಶ್ಯ ಹುಡುಕಿ. ನಡಿಗೆ ನಿಮ್ಮ ಓಣಿಯಲ್ಲಿ ನಡೆಯುವವರ ತರ ಇದೆಯಾ? ಹೊಗೆ, ನೀರು, ಗಾಳಿಗೆ ಅಲ್ಲಾಡುವ ಬಟ್ಟೆಯನ್ನೂ ನೋಡಿ. ಜೋರಾಗಿದ್ದರೆ ವಿಎಲ್‌ಸಿಯಲ್ಲಿ [ ಕೀ ಒತ್ತಿ. ಒಂದೊಂದು ಒತ್ತಿಗೆ ವೇಗ ಸ್ವಲ್ಪ ಇಳಿಯುತ್ತದೆ. ] ಒತ್ತಿದರೆ ಏರುತ್ತದೆ, = ಒತ್ತಿದರೆ ಮೊದಲಿನ ವೇಗ. 16ರ ಚಿತ್ರಕ್ಕೆ 0.7ರ ಹತ್ತಿರ, 18ರದಕ್ಕೆ 0.75ರ ಹತ್ತಿರ ಸರಿ ಬರುತ್ತದೆ. ಕಣ್ಣಿಗೆ ಒಪ್ಪುವ ವೇಗವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಮೊದಲೇ ಸರಿಪಡಿಸಿದ ಪ್ರತಿಯನ್ನು ಮತ್ತೆ ನಿಧಾನ ಮಾಡುವುದು. ಚೆನ್ನಾಗಿ ದುರಸ್ತಿ ಮಾಡಿದ ಪ್ರತಿಗಳಲ್ಲಿ ವೇಗ ಸರಿಯಾಗಿಯೇ ಇರುತ್ತದೆ. ಎರಡು, ಹಾಸ್ಯ ಚಿತ್ರವನ್ನು ಪೂರ್ತಿ ಸಹಜ ವೇಗಕ್ಕೆ ತರುವುದು. ಕೀಟನ್, ಚಾಪ್ಲಿನ್ ಕಾಲದ ಹಾಸ್ಯವನ್ನು ಸ್ವಲ್ಪ ಜೋರಾಗಿ ಓಡಲೆಂದೇ ತೆಗೆದಿರುತ್ತಾರೆ. ನಿಧಾನ ಮಾಡಿದರೆ ನಗು ಸತ್ತುಹೋಗುತ್ತದೆ. ಹಾಸ್ಯಕ್ಕೆ ಕೈ ಹಾಕದಿರುವುದೇ ಮೇಲು.

ವೇಗ ಬದಲಿಸಿದರೆ ಫೈಲಿನ ಸಂಗೀತವೂ ಎಳೆದಂತಾಗುತ್ತದೆ. ಆಗ ಸೌಂಡ್ ಬಂದ್ ಮಾಡಿ, ಆರನೇ ಹಂತದಂತೆ ನಿಮ್ಮ ಸಂಗೀತ ಹಾಕಿ.

ಹಂತ 4: ಚೌಕಟ್ಟು

ಮೂಕಿ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ 4:3, ಹಳೇ ಡಬ್ಬಾ ಟಿವಿಯ ಆಕಾರ. ಈಗಿನ ಟಿವಿ, ಪ್ರೊಜೆಕ್ಟರ್ 16:9. ಎಡ ಬಲದಲ್ಲಿ ಕಪ್ಪು ಪಟ್ಟಿ ಬಂದರೆ ಸರಿಯಿದೆ. "ಪರದೆ ತುಂಬಲಿಲ್ಲ" ಅಂತ ಎಳೆದರೆ ಎಲ್ಲರೂ ದಪ್ಪ, ಗಿಡ್ಡ ಕಾಣುತ್ತಾರೆ. ಜೂಮ್ ಮಾಡಿದರೆ ತಲೆ ಕಾಲು ಕತ್ತರಿಸಿ ಹೋಗುತ್ತವೆ. ಚಿತ್ರದಲ್ಲಿ ಗಾಲಿ ಅಥವಾ ಗಡಿಯಾರ ಬರುವ ಕಡೆ ನಿಲ್ಲಿಸಿ ನೋಡಿ. ಅದು ದುಂಡಗಿರಬೇಕು. ಇಲ್ಲದಿದ್ದರೆ ವಿಎಲ್‌ಸಿಯಲ್ಲಿ 'ಎ' ಕೀ ಒತ್ತುತ್ತಾ 4:3ಕ್ಕೆ ತನ್ನಿ.

ಹಂತ 5: ಬರಹದ ಫಲಕಗಳನ್ನು ಕನ್ನಡಕ್ಕೆ ತನ್ನಿ

ಹೆಚ್ಚಿನ ಚಿತ್ರಗಳಲ್ಲಿ ಮಾತಿನ ಬದಲು ಇಂಗ್ಲಿಷ್ ಫಲಕ ಬರುತ್ತದೆ. ಓದಲು ಬಾರದವರು ಅಲ್ಲೇ ಕಳೆದುಹೋಗುತ್ತಾರೆ. ದಾರಿ ಎರಡು.

ಮೊದಲನೆಯದು ಕನ್ನಡ ಸಬ್‌ಟೈಟಲ್. ನೋಟ್‌ಪ್ಯಾಡ್ ತೆಗೆದು ಒಂದು ಸಾಲಿನಲ್ಲಿ ಕ್ರಮಸಂಖ್ಯೆ, ಕೆಳಗೆ 00:02:10,000 --> 00:02:16,000 ಎಂಬಂತೆ ಸಮಯ, ಅದರ ಕೆಳಗೆ ಕನ್ನಡ ವಾಕ್ಯ, ಆಮೇಲೆ ಒಂದು ಖಾಲಿ ಸಾಲು. ಹೀಗೆ ಪ್ರತಿ ಫಲಕಕ್ಕೂ ಮಾಡಿ. ಯುಟಿಎಫ್-8ರಲ್ಲಿ (ಕನ್ನಡ ಅಕ್ಷರ ಕೆಡದಂತೆ ಉಳಿಸುವ ಎನ್‌ಕೋಡಿಂಗ್), ಎಸ್‌ಆರ್‌ಟಿ (.srt) ಫೈಲ್ ಆಗಿ, ಚಿತ್ರದ ಹೆಸರಿನಲ್ಲೇ ಅದೇ ಫೋಲ್ಡರ್‌ನಲ್ಲಿ ಉಳಿಸಿ. ಕನ್ನಡದ ಬದಲು ಚೌಕಗಳು ಕಂಡರೆ ವಿಎಲ್‌ಸಿ ಸೆಟ್ಟಿಂಗ್‌ನಲ್ಲಿ ಸಬ್‌ಟೈಟಲ್ ಫಾಂಟನ್ನು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ಒತ್ತಕ್ಷರ ಒಡೆದು ಕಾಣುತ್ತಿಲ್ಲ ತಾನೆ ಎಂದೂ ನೋಡಿಕೊಳ್ಳಿ.

ಎರಡನೆಯದು ಓದುವವರನ್ನು ಕೂರಿಸುವುದು. ನನಗೆ ಇದೇ ಇಷ್ಟ. ಅಜ್ಜಿಯರಿಗೆ, ಕಣ್ಣು ಮಂಜಾದವರಿಗೆ, ಇನ್ನೂ ಓದಲು ಕಲಿಯದ ಮಕ್ಕಳಿಗೆ ಇದೊಂದೇ ದಾರಿ. ಜಪಾನಿನಲ್ಲಿ ಹೀಗೆ ಪರದೆ ಪಕ್ಕ ನಿಂತು ಹೇಳುವವರಿಗೆ 'ಬೆನ್ಶಿ' ಎನ್ನುತ್ತಿದ್ದರು. ನಟರಷ್ಟೇ ಹೆಸರು ಅವರಿಗಿತ್ತು. ನಮ್ಮಲ್ಲಿ ಪುರಾಣ ಓದುವವರು, ಶಾಲೆಯಲ್ಲಿ ಚೆನ್ನಾಗಿ ಗಟ್ಟಿಯಾಗಿ ಓದುವ ಹುಡುಗಿಯರು ಇದ್ದೇ ಇರುತ್ತಾರೆ. ಅವರನ್ನು ಕೇಳಿ.

ಫಲಕಗಳಿಗೆ ನಂಬರ್ ಹಾಕಿ, ನಮ್ಮ ಕಡೆಯ ಮಾತಿನಲ್ಲೇ ಬರೆದುಕೊಡಿ. "ನೀವು ಎಲ್ಲಿಗೆ ತೆರಳುತ್ತಿರುವಿರಿ?" ಎನ್ನುವುದಕ್ಕಿಂತ "ಎಲ್ಲಿಗೆ ಹೊಂಟೀರಿ?" ಎಂದರೆ ಮಾಳಿಗೆಯಲ್ಲಿ ಕೂತವರಿಗೆ ಅದು ಪಕ್ಕದವರ ಮಾತಿನಂತೆ ಕೇಳುತ್ತದೆ. ಫಲಕ ಮುಗಿಯುವುದರೊಳಗೆ ಓದು ಮುಗಿಯಬೇಕು. ಮುಗಿಯದಿದ್ದರೆ ವಾಕ್ಯ ಚಿಕ್ಕದು ಮಾಡಿ. ಮುಖ್ಯ ನಿಯಮ ಒಂದೇ: ಬರೆದದ್ದನ್ನು ಮಾತ್ರ ಓದಬೇಕು. "ನೋಡ್ರಿ, ಈಗ ಅವ ಬೀಳ್ತಾನ" ಎಂದು ಕಾಣುವುದನ್ನು ವಿವರಿಸಲು ಶುರು ಮಾಡಿದರೆ ಜನ ನೋಡುವುದನ್ನು ಬಿಟ್ಟು ಕೇಳುತ್ತಾ ಕೂರುತ್ತಾರೆ.

ಹಂತ 6: ಸಂಗೀತ

ಬಹಳ ಪ್ರದರ್ಶನಗಳು ಕೆಡುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಫೈಲಿನಲ್ಲಿರುವ ಸಂಗೀತ ಚಿತ್ರದ್ದೇ ಎಂದು ಭಾವಿಸಬೇಡಿ. ಎಷ್ಟೋ ಸಲ ಯಾರೋ ಪಿಯಾನೋ ತುಣುಕುಗಳನ್ನು ಸುಮ್ನೆ ಒಂದರ ಹಿಂದೆ ಒಂದು ಅಂಟಿಸಿರುತ್ತಾರೆ. ಪರದೆಯಲ್ಲಿ ಸಾವು, ಸ್ಪೀಕರಿನಲ್ಲಿ ಕುಣಿತ. ಹಾಗೆ ಅನಿಸಿದರೆ ಬಂದ್ ಮಾಡಿ. ಚಿತ್ರಕ್ಕೆಂದೇ ಮಾಡಿದ ಸಂಗೀತವಿದ್ದರೆ ಮಾತ್ರ ಅದನ್ನೇ ಇಟ್ಟುಕೊಳ್ಳಿ. 'ಸಿಟಿ ಲೈಟ್ಸ್' (1931) ಚಿತ್ರದ ಸಂಗೀತ ಚಾಪ್ಲಿನ್‌ದೇ, ಅದನ್ನು ಮುಟ್ಟಬಾರದು. 'ಶಿರಾಜ್' (1928) ಚಿತ್ರದ ದುರಸ್ತಿಯಾದ ಪ್ರತಿಗೆ ಅನೌಷ್ಕಾ ಶಂಕರ್ ಸಂಗೀತ ಕೊಟ್ಟಿದ್ದಾರೆ, ಅದೂ ಹಾಗೇ.

ಬೇರೆಯದಕ್ಕೆಲ್ಲ ನಮ್ಮ ಭಾಗದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಭಜನಾ ಮೇಳ ಇಲ್ಲದ ಊರಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ, ನಾಟಕಕ್ಕೆ ಹಾರ್ಮೋನಿಯಂ ನುಡಿಸಿದವರು, ತಬಲಾ ಕಲಿತ ಹುಡುಗರು ಸಿಕ್ಕೇ ಸಿಗುತ್ತಾರೆ. ಅವರಿಗೆ ನಟರ ಮುಖ ನೋಡಿ ನುಡಿಸಿ ಅಭ್ಯಾಸವಿರುತ್ತದೆ. ಮೂಕಿ ಚಿತ್ರಕ್ಕೆ ಬೇಕಾದದ್ದು ಅದೇ.

ಅವರೊಡನೆ ಹೀಗೆ ಮಾಡಿ. ಎರಡು ದಿನ ಮೊದಲು ಚಿತ್ರ ತೋರಿಸಿ. ಒಂದು ಹಾಳೆಯಲ್ಲಿ ದೃಶ್ಯಗಳ ಪಟ್ಟಿ ಮಾಡಿ: ಎಷ್ಟನೇ ನಿಮಿಷ, ಏನಾಗುತ್ತದೆ, ಭಾವ ಏನು. ಭಾವಗಳನ್ನು ನಾಲ್ಕೇ ಗುಂಪು ಮಾಡಿ: ನಡಿಗೆ, ಓಟ, ಆತಂಕ, ಮಮತೆ. ಚಾಪ್ಲಿನ್ ನಡಿಗೆಗೆ ಕೇರವಾ ತಾಳ ತಾನಾಗಿ ಕೂರುತ್ತದೆ. ಓಟಕ್ಕೆ ದ್ರುತ್ ತೀನ್‌ತಾಲ್. ಆತಂಕಕ್ಕೆ ಮಾರ್ವಾ ಹಿಡಿಯಲು ಹೇಳಿ, ಆ ರಾಗದಲ್ಲಿ ಮನಸ್ಸು ನೆಲೆ ನಿಲ್ಲುವುದಿಲ್ಲ. ಮಗು ಮತ್ತೆ ಸಿಗುವ ಕಡೆ ಭೈರವಿ. ಇದೇ ಸರಿ ಅಂತಲ್ಲ, ನುಡಿಸುವವರ ಕೈಗೆ ಬರುವುದನ್ನು ಬಿಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿ: ನಡುನಡುವೆ ನಿಲ್ಲಿಸಬೇಕು. 'ದಿ ಕಿಡ್'ನಲ್ಲಿ ಮಗುವನ್ನು ಕಿತ್ತುಕೊಂಡು ಹೋಗುವ ಗಳಿಗೆಯಲ್ಲಿ ನಮ್ಮ ಹಾರ್ಮೋನಿಯಂ ಕಾಕಾ ತಾವಾಗೇ ಕೈ ಎತ್ತಿಬಿಟ್ಟರು. ಇಡೀ ಮಾಳಿಗೆ ಉಸಿರು ಹಿಡಿದು ಕೂತಿತ್ತು. ಆ ಮೌನವನ್ನು ನಾನು ಇವತ್ತಿಗೂ ಮರೆತಿಲ್ಲ.

ನುಡಿಸುವವರು ಸಿಗದಿದ್ದರೆ ಅದೇ ನಾಲ್ಕು ಗುಂಪಿಗೆ ನಾಲ್ಕು ವಾದ್ಯಸಂಗೀತದ ತುಣುಕು ಮೊಬೈಲ್‌ನಲ್ಲಿಟ್ಟು ಒಬ್ಬರಿಗೆ ಬದಲಿಸಲು ಹೇಳಿ.

ಸಾಮಾನ್ಯ ತಪ್ಪುಗಳು: ಸಾಹಿತ್ಯವಿರುವ ಸಿನಿಮಾ ಹಾಡು ಹಾಕುವುದು (ಕಿವಿ ಹಾಡಿನ ಹಿಂದೆ ಹೋಗುತ್ತದೆ), ಪ್ರತಿ ಬೀಳುವಿಕೆಗೂ ತಬಲಾ ಬಡಿಯುವುದು, ಸ್ಪೀಕರ್ ಜೋರಾಗಿ ಇಡುವುದು. ಪಕ್ಕದವರು ನಕ್ಕದ್ದು ಕೇಳುವಷ್ಟು ಮೆಲ್ಲಗಿರಲಿ. ಆ ನಗುವೂ ಸಂಗೀತದ ಭಾಗವೇ ಅಲ್ವಾ?

ಹಂತ 7: ಜಾಗ, ಪರದೆ, ಪ್ರೊಜೆಕ್ಟರ್

ಕತ್ತಲೆ ಮೊದಲು. ನಮ್ಮ ಕಡೆ ಡಿಸೆಂಬರ್‌ನಲ್ಲಿ ಸಂಜೆ ಆರೂ ಮುಕ್ಕಾಲಿಗೆ ಶುರು ಮಾಡಬಹುದು. ಮೇ–ಜೂನ್‌ನಲ್ಲಿ ಏಳೂ ಮುಕ್ಕಾಲು ಆಗಲೇಬೇಕು. ಹುಣ್ಣಿಮೆ ಹತ್ತಿರದ ದಿನ ಬೇಡ, ಅಮಾವಾಸ್ಯೆ ಆಚೀಚೆ ಇಟ್ಟುಕೊಳ್ಳಿ. ಬೀದಿ ದೀಪ ಪರದೆಯ ಮೇಲೆ ಬೀಳುತ್ತದಾ ಎಂದು ಹಿಂದಿನ ರಾತ್ರಿ ಅದೇ ಹೊತ್ತಿಗೆ ಹೋಗಿ ನೋಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್–ಮೇ ಸಂಜೆ ವಿಜಯಪುರ, ಬಾಗಲಕೋಟೆ ಕಡೆ ಗಾಳಿ, ಮಳೆ ಒಮ್ಮೆಲೇ ಬರುತ್ತವೆ. ದೂರದಲ್ಲಿ ಮಿಂಚು ಕಂಡರೆ, ದೂಳು ಎದ್ದರೆ ಕಾಯಬೇಡಿ, ಪ್ರೊಜೆಕ್ಟರ್ ಒಳಗೆ ಒಯ್ಯಿರಿ. ಬೆಳಗಾವಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಳಿಗೆ ಆಸೆ ಬಿಟ್ಟು ಹಾಲ್‌ನಲ್ಲೇ ಮಾಡುವುದು ಸರಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು ನಿಲ್ಲುವ ಹೊತ್ತು ನೋಡಿ ಇಟ್ಟುಕೊಳ್ಳಿ. ಮೂಕಿ ಚಿತ್ರಕ್ಕೆ ಹೊರಗಿನ ಸದ್ದು ಬೇಗ ಅಡ್ಡ ಬರುತ್ತದೆ.

ಪರದೆಗೆ ತೆಳು ಬೆಡ್‌ಶೀಟ್ ಸಾಲದು, ಬೆಳಕು ಹಿಂದಕ್ಕೆ ದಾಟಿಹೋಗುತ್ತದೆ. ಹೊಳಪಿಲ್ಲದ ಬಿಳಿ ಬಣ್ಣ ಹಚ್ಚಿದ ಗೋಡೆ ಎಲ್ಲಕ್ಕಿಂತ ಮೇಲು. ಇಲ್ಲದಿದ್ದರೆ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕದ, ಹೊಳಪು ಕಡಿಮೆ ಇರುವ ಬಿಳಿ ಫ್ಲೆಕ್ಸ್ ಕೇಳಿ. ಮೇಲೆ ಒಂದು ಪೈಪ್, ಕೆಳಗೆ ಒಂದು ಪೈಪ್ ಸೇರಿಸಿ ಬಿಗಿಯಾಗಿ ಕಟ್ಟಿ. ಸುಕ್ಕಿದ್ದರೆ ಮುಖ ಸೊಟ್ಟ ಕಾಣುತ್ತದೆ. ಗಂಟು ಮಾತ್ರ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಗಾಳಿ ಬಂದಾಗ ಬಿಗಿದ ಫ್ಲೆಕ್ಸ್ ಪೈಪನ್ನೂ ಕಿತ್ತುಕೊಂಡು ಹೋಗುತ್ತದೆ.

ಪ್ರೊಜೆಕ್ಟರ್ ವಿಷಯದಲ್ಲಿ "ಲ್ಯುಮೆನ್ಸ್" ಎಂಬ ಬೆಳಕಿನ ಅಳತೆಯ ದೊಡ್ಡ ಸಂಖ್ಯೆ ನಂಬಬೇಡಿ, ನಿಗದಿತ ಮಾನದಂಡದಲ್ಲಿ ಅಳೆದ "ಆನ್ಸಿ ಲ್ಯುಮೆನ್ಸ್" ಎಷ್ಟು ಎಂದು ಕೇಳಿ. ಎಂಟು ಅಡಿ ಅಗಲದ ಪರದೆಗೆ 2000ಕ್ಕಿಂತ ಕಡಿಮೆ ಇದ್ದರೆ ನನಗೆ ಸಮಾಧಾನವಿಲ್ಲ. ಒಂದು ಗುಟ್ಟು ಹೇಳುತ್ತೇನೆ. ಶಾಲೆ, ಕೋಚಿಂಗ್ ಕ್ಲಾಸ್‌ಗಳು ಮೂಲೆಗೆ ಹಾಕಿರುವ ಹಳೇ ಪ್ರೊಜೆಕ್ಟರ್‌ಗಳಲ್ಲಿ ಬಹಳಷ್ಟು 1024×768ರವು, ಅಂದರೆ 4:3. ಮೂಕಿ ಚಿತ್ರಕ್ಕೆ ಹೇಳಿ ಮಾಡಿಸಿದ ಆಕಾರ. ಎಂಟು ಅಡಿ ಅಗಲದಲ್ಲಿ ಹೊಸ 16:9 ಪ್ರೊಜೆಕ್ಟರ್ ನಾಲ್ಕೂವರೆ ಅಡಿ ಎತ್ತರ ಕೊಡುತ್ತದೆ, ಅದರಲ್ಲಿ ಮೂಕಿ ಚಿತ್ರ ಆರು ಅಡಿ ಅಗಲಕ್ಕೆ ಕುಗ್ಗುತ್ತದೆ. ಹಳೆಯದು ಪೂರ್ತಿ ಎಂಟಡಿ ಅಗಲ, ಆರಡಿ ಎತ್ತರ ತುಂಬುತ್ತದೆ. ಕೇಳಿ ನೋಡಿ, ಖುಷಿಯಿಂದ ಕೊಡುತ್ತಾರೆ.

ದೂರಕ್ಕೆ "ಥ್ರೋ ರೇಶಿಯೊ" ನೋಡಿ. 1.5 ಎಂದಿದ್ದರೆ ಎಂಟು ಅಡಿ ಅಗಲಕ್ಕೆ ಹನ್ನೆರಡು ಅಡಿ ದೂರ ಬೇಕು. ಹೊಸ ಪ್ರೊಜೆಕ್ಟರ್, ಟಿವಿಗಳಲ್ಲಿ ಚಲನೆ ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ.

ಕರೆಂಟ್ ಹೋಗುವುದು ಇದ್ದೇ ಇದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗೆ ಬಿಸಿಯಲ್ಲಿ ಒಮ್ಮೆಲೇ ಕರೆಂಟ್ ಹೋದರೆ ಪೆಟ್ಟು. ಅದರ ಹಿಂದೆ ಬರೆದ ವ್ಯಾಟ್ ನೋಡಿ, ಅಷ್ಟನ್ನು ತಡೆಯುವ ಇನ್ವರ್ಟರ್‌ಗೆ ಜೋಡಿಸಿ. ಮುಗಿದ ಮೇಲೆ ಬಟನ್ ಒತ್ತಿ, ಫ್ಯಾನ್ ನಿಲ್ಲುವವರೆಗೂ ಪ್ಲಗ್ ಕೀಳಬೇಡಿ. ವೈರ್‌ಗಳನ್ನು ಗೋಡೆ ಬದಿಗೆ ಟೇಪ್ ಹಚ್ಚಿ. ಮಾಳಿಗೆ ಅಂಚಿನ ಗೋಡೆ ಗಿಡ್ಡವಿದ್ದರೆ ಮಕ್ಕಳನ್ನು ಒಳಗಡೆ ಸಾಲಿನಲ್ಲೇ ಕೂರಿಸಿ.

ಹಂತ 8: ಹಕ್ಕಿನ ವಿಷಯ

ನಮ್ಮ ದೇಶದಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ 1920ರ ದಶಕದ ಚಿತ್ರಗಳು ಅದನ್ನು ಎಂದೋ ದಾಟಿವೆ. ಆದರೆ ಹೊಸದಾಗಿ ಸೇರಿಸಿದ ಸಂಗೀತದ ಹಕ್ಕು ಬೇರೆ. ಫ್ಯಾಂಟಸಿ ಸರಣಿಗಳು, 'ಪುಷ್ಪಕ ವಿಮಾನ' ಇವೆಲ್ಲ ಹಕ್ಕಿನಲ್ಲೇ ಇವೆ. ಅವನ್ನು ಮನೆಯವರಿಗಷ್ಟೇ ಮನೆಯಲ್ಲಿ ತೋರಿಸಿ. ಅನುಮತಿ ಇಲ್ಲದೆ ಊರಿಗೆಲ್ಲ ಕರೆ ಕೊಡುವುದು, ಟಿಕೆಟ್ ಹಚ್ಚುವುದು ಬೇಡ.

ಹಂತ 9: ಪ್ರದರ್ಶನದ ರಾತ್ರಿ

ಎರಡು ಗಂಟೆ ಮೊದಲು ಎಲ್ಲ ಜೋಡಿಸಿ ಹತ್ತು ನಿಮಿಷ ಓಡಿಸಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ, ನೋಟಿಫಿಕೇಶನ್ ಬಂದ್ ಮಾಡಿ. ಇಂಟರ್ನೆಟ್ ಮೇಲೆ ನಂಬಿಕೆ ಇಡದೆ ಫೈಲ್ ಲ್ಯಾಪ್‌ಟಾಪ್‌ನಲ್ಲೇ ಇರಲಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ.

ಶುರುವಿಗೆ ಎರಡೇ ನಿಮಿಷ ಮಾತು. "ಇದರಲ್ಲಿ ಮಾತಿಲ್ಲ. ಬರಹ ಬಂದಾಗ ಅಕ್ಕಾವ್ರು ಓದುತ್ತಾರೆ. ಸಂಗೀತ ಕಾಕಾ ನುಡಿಸುತ್ತಾರೆ. ಇಷ್ಟು ಹೊತ್ತಿಗೆ ಮುಗಿಯುತ್ತದೆ." ಸಾಕು. ನಿರ್ದೇಶಕರ ಜೀವನಚರಿತ್ರೆ ಬೇಡ. ಗಿರ್ಮಿಟ್, ಮಿರ್ಚಿ ಭಜಿ ಮೊದಲೇ ಕೊಟ್ಟುಬಿಡಿ. ಚಿತ್ರದ ನಡುವೆ ಶೇಂಗಾ ಒಡೆಯುವ ಸದ್ದು ಕೂಡ ದೊಡ್ಡದಾಗುತ್ತದೆ. 75 ನಿಮಿಷಕ್ಕಿಂತ ಉದ್ದವಿದ್ದರೆ ಇಂಟರ್ವಲ್ ಕೊಡಿ, ದೃಶ್ಯ ಮುಗಿಯುವ ಜಾಗ ಮೊದಲೇ ಗುರುತು ಹಾಕಿರಿ.

ಕಣ್ಣು ಆಗಾಗ ಪರದೆ ಬಿಟ್ಟು ಜನರ ಮೇಲಿರಲಿ. ಮೊಬೈಲ್ ಬೆಳಕು ಒಂದೊಂದಾಗಿ ಹೊತ್ತಿದರೆ ಸಾಮಾನ್ಯವಾಗಿ ಸಂಗೀತ ಒಂದೇ ತರ ಆಗಿರುತ್ತದೆ, ನುಡಿಸುವವರಿಗೆ ಸನ್ನೆ ಮಾಡಿ. "ಏನಂದ?" ಎಂಬ ಪಿಸುಮಾತು ಹೆಚ್ಚಾದರೆ ಓದುವವರು ಒಂದು ಫಲಕ ಬಿಟ್ಟಿದ್ದಾರೆ. ನಗಬಾರದ ಕಡೆ ನಗು ಬಂದರೆ ವೇಗ ನೋಡಿ. ಹಿಂದಿನ ಸಾಲು ಕತ್ತು ಚಾಚುತ್ತಿದ್ದರೆ ಪರದೆ ತಗ್ಗಾಗಿದೆ. ಕರೆಂಟ್ ಹೋದರೂ ಹಾರ್ಮೋನಿಯಂ ನಿಲ್ಲದಿರಲಿ, ಜನ ಎದ್ದು ಹೋಗುವುದಿಲ್ಲ.

ಯಾರಾದರೂ ನಡುವೆ ಎದ್ದರೆ ತಡೆಯಬೇಡಿ. ಮುಂದಿನ ಸಲ ಅವರಿಗೆ ಚಿಕ್ಕ ಚಿತ್ರ ಹಾಕಿ ಕರೆಯಿರಿ.

ಹಂತ 10: ಮೆಚ್ಚಿನ ಚಿತ್ರಗಳ ಪಟ್ಟಿ ಬರೆದಿಡಿ

ಮುಗಿದ ಕೂಡಲೇ "ಹೇಗಿತ್ತು?" ಎಂದು ಕೇಳಿದರೆ "ಚಲೋ ಇತ್ರಿ" ಎನ್ನುತ್ತಾರೆ, ಅಷ್ಟೇ. "ಯಾವ ದೃಶ್ಯ ನೆನಪಿದೆ?" ಎಂದು ಕೇಳಿ, ಅದೂ ಮರುದಿನ. ಉತ್ತರವನ್ನು ಹೇಳಿದವರ ಹೆಸರಿನ ಜೊತೆ ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮ ಪುಸ್ತಕದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆಟ್ಟದ ಬೆಂಕಿಯ ಕೆಳಗೇ ನೆರಳಿನ ಹಾರುವ ಕುದುರೆಯನ್ನು ಬರೆಸಿದ್ದಾಳೆ. 2003ರ ಚಿತ್ರ, 1926ರ ಚಿತ್ರ ಒಂದೇ ಪಟ್ಟಿಯಲ್ಲಿ.

ಪಟ್ಟಿ ಮಾಡುವಾಗ ಫ್ಯಾಂಟಸಿ ಒಂದು ಕಡೆ, ಹಳೆಯದು ಒಂದು ಕಡೆ ಎಂದು ಗೆರೆ ಎಳೆಯಬೇಡಿ. ದೊಡ್ಡವರ ಹೆಸರಿಗೆ ಅಂಜಿ ಇಷ್ಟವಾಗದ ಚಿತ್ರವನ್ನೂ ಸೇರಿಸಬೇಡಿ. ಎರಡನೇ ಸಲ ನೋಡಬೇಕು ಅನಿಸಿದ್ದು ಮಾತ್ರ ಒಳಗೆ ಬರಲಿ. ಪ್ರತಿ ಚಿತ್ರದ ಎದುರು ನಾಲ್ಕು ವಿವರ ಇರಲಿ: ಎಷ್ಟು ನಿಮಿಷದ ಪ್ರತಿ, ಯಾವ ವೇಗ, ಯಾವ ಸಂಗೀತ, ಇಂಟರ್ವಲ್ ಎಲ್ಲಿ. ಇನ್ನೊಂದು ಓಣಿಯವರು ಬಂದು "ನಮ್ಮಲ್ಲೂ ತೋರಿಸ್ರಿ" ಎಂದಾಗ ಫೈಲ್ ಯಾವುದು, ಹಾರ್ಮೋನಿಯಂ ಎಲ್ಲಿ ನಿಲ್ಲಬೇಕು, ಎಲ್ಲ ಅದೇ ಪುಟದಲ್ಲಿ ಸಿಗುತ್ತದೆ.